ಒರೆಗಲ್ಲಿಲ್ಲದ ಅಂಗಡಿ

ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದಕ್ಕೆ ನಾವು ‘ಒರೆಗೆ ಹಚ್ಚುವುದು’ ಎನ್ನುತ್ತೇವೆ. ಸಿದ್ಧಾಂತವನ್ನು ಒರೆಗೆ ಹಚ್ಚುತ್ತೇವೆ, ಸ್ನೇಹವನ್ನು ಒರೆಗೆ ಹಚ್ಚುತ್ತೇವೆ, ಕವಿಯ ಕೀರ್ತಿಯನ್ನು ಕಾಲದ ಒರೆಗೆ ಹಚ್ಚುತ್ತೇವೆ. ಮಾತು ಅಕ್ಕಸಾಲಿಗನ ಅಂಗಡಿಯಿಂದ ಬಂದದ್ದು ಎಂಬುದು ಬಳಸುವಾಗ ನೆನಪಿರುವುದಿಲ್ಲ. ಕಪ್ಪು ಕಲ್ಲಿನ ಮೇಲೆ ಒಡವೆಯನ್ನು ಒಮ್ಮೆ ಎಳೆದರೆ ಗೆರೆಯೊಂದು ಮೂಡುತ್ತದೆ. ಅದರ ಪಕ್ಕದಲ್ಲಿ, ಶುದ್ಧತೆ ಗೊತ್ತಿರುವ ಚಿನ್ನದಿಂದ ಇನ್ನೊಂದು ಗೆರೆ. ಎರಡರ ಬಣ್ಣವನ್ನು ಹೋಲಿಸಿ ನೋಡಿದರೆ ಒಡವೆಯಲ್ಲಿ ತಾಮ್ರ ಎಷ್ಟು ಬೆರೆತಿದೆ ಎಂದು ಪಳಗಿದ ಕಣ್ಣು ಹೇಳುತ್ತದೆ. ಈ ಪರೀಕ್ಷೆಗೆ ಒಂದು ಷರತ್ತಿದೆ. ವಸ್ತು, ಮಾರುವವನು, ಕೊಳ್ಳುವವನು ಮೂವರೂ ಒಂದೇ ಜಾಗದಲ್ಲಿರಬೇಕು. ಗೆರೆ ಎಳೆಯುವಾಗ ಕೊಳ್ಳುವವನ ಕಣ್ಣು ಕಲ್ಲಿನ ಮೇಲಿರಬೇಕು.

ಫೋನಿನ ಪರದೆಯ ಮೇಲೆ ಕೈಚೀಲ, ಕೈಗಡಿಯಾರ, ಬೆಳ್ಳಿ ಸರ, ರೇಷ್ಮೆ ಸೀರೆ ಕೊಳ್ಳುವಾಗ ಈ ಷರತ್ತು ಮುರಿದುಬೀಳುತ್ತದೆ. ಚಿತ್ರವನ್ನು ಒರೆಗೆ ಹಚ್ಚಲಾಗುವುದಿಲ್ಲ. ಚರ್ಮದ ವಾಸನೆ, ಲೋಹದ ತೂಕ, ರೇಷ್ಮೆಯ ತಂಪು ಯಾವುದೂ ಗಾಜನ್ನು ದಾಟಿ ಬರುವುದಿಲ್ಲ. ಆ ಖಾಲಿ ಜಾಗವನ್ನು ತುಂಬುವುದಕ್ಕೆ ಮಾರುವವನು ಬೇರೆ ಸಾಮಗ್ರಿ ಒದಗಿಸುತ್ತಾನೆ: ‘ನೂರಕ್ಕೆ ನೂರು ಅಸಲಿ’ ಎಂಬ ಮಾತು, ಒಂದು ಪ್ರಮಾಣಪತ್ರ, ಒಂದು ಸಂಖ್ಯೆ, ಹೊಳೆಯುವ ಹೋಲೋಗ್ರಾಮ್. ಇದೆಲ್ಲ ಅಂತರ್ಜಾಲ ತಂದ ಹೊಸ ತಲೆನೋವು ಎಂದು ನಮಗೆ ತೋರುತ್ತದೆ. ಆದರೆ ‘ನಾನೇ ಮುಟ್ಟಿ ನೋಡಲಾಗದ ವಸ್ತುವನ್ನು ಯಾರ ಮಾತಿನ ಮೇಲೆ ನಂಬಲಿ?’ ಎಂಬ ಪ್ರಶ್ನೆಗೆ ಕಡಿಮೆಯೆಂದರೂ ಏಳುನೂರು ವರ್ಷಗಳ ದಾಖಲೆ ಇದೆ. ಅದನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮುದ್ರೆ ಎಂಬುದು ವಸ್ತುವಿನ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಮನುಷ್ಯರ ಬಗ್ಗೆ ಹೇಳುತ್ತದೆ.

*

ಮೊದಲು ಕಲ್ಲಿನ ಮಾತು. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಎರಡನೆಯ ಅಧಿಕರಣದಲ್ಲಿ ಸುವರ್ಣಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವಿದೆ. ಈ ಗ್ರಂಥದೊಂದಿಗೆ ನಮಗೆ ಒಂದು ನಂಟೂ ಇದೆ. ಬಹುಕಾಲ ಹೆಸರಷ್ಟೇ ಉಳಿದಿದ್ದ ಈ ಕೃತಿಯ ತಾಳೆಗರಿ ಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂತು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷಿಗೆ ತಂದರು.

ಆ ಪ್ರಕರಣದಲ್ಲಿ ಒರೆಗಲ್ಲಿನ ಬಗ್ಗೆ ಎರಡು ಮಾತುಗಳಿವೆ. ಹಸಿರು ಛಾಯೆಯ, ಆನೆಯ ಮೈಬಣ್ಣದ, ಹೊಳಪನ್ನು ತೋರುವ ಕಲ್ಲು ಮಾರುವುದಕ್ಕೆ ಒಳ್ಳೆಯದು. ಗಟ್ಟಿಯಾದ, ಒಂದೇ ಬಣ್ಣವಿಲ್ಲದ, ಹೊಳಪು ತೋರದ ಕಲ್ಲು ಕೊಳ್ಳುವುದಕ್ಕೆ ಒಳ್ಳೆಯದು. ಅಂದರೆ ಒಂದೇ ಚಿನ್ನ ಒಂದು ಕಲ್ಲಿನ ಮೇಲೆ ಮೇಲಾಗಿ ಕಾಣುತ್ತದೆ, ಇನ್ನೊಂದರ ಮೇಲೆ ಇದ್ದಂತೆಯೇ ಕಾಣುತ್ತದೆ. ಗೆರೆಯಲ್ಲೂ ಮೋಸವಿದೆ ಎಂದು ಕೌಟಿಲ್ಯ ಎಚ್ಚರಿಸುತ್ತಾನೆ. ಉಗುರಿನ ಸಂದಿಯಲ್ಲಿ ಕಾವಿಯ ಪುಡಿ ಅಡಗಿಸಿಕೊಂಡು ಗೆರೆಯ ಮೇಲೆ ಉದುರಿಸಿ ಬಣ್ಣ ಬದಲಿಸುವವರಿದ್ದಾರೆ. ಕೆಲವು ದ್ರವ್ಯಗಳನ್ನು ಗೋಮೂತ್ರದಲ್ಲಿ ಕಲಸಿ, ಅದು ಹತ್ತಿದ ಕೈಯಿಂದ ಒಳ್ಳೆಯ ಚಿನ್ನವನ್ನೇ ಬಿಳಿಚಿಸುವವರೂ ಇದ್ದಾರೆ.

ಪರೀಕ್ಷೆಯ ಸಾಧನಕ್ಕೂ ಪಕ್ಷವಿರುತ್ತದೆ ಎಂದು ಆ ಕಾಲಕ್ಕೇ ಗೊತ್ತಿತ್ತು. ‘ಒರೆಗೆ ಹಚ್ಚಿದ್ದೇವೆ’ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮರುಪ್ರಶ್ನೆ ಒಂದೇ: ಕಲ್ಲು ಯಾರದು?

*

ಈ ಮರುಪ್ರಶ್ನೆಗೆ ವ್ಯವಸ್ಥಿತವಾದ ಉತ್ತರ ಹುಡುಕಿದ ಊರುಗಳಲ್ಲಿ ಲಂಡನ್ ಒಂದು. 1300ರಲ್ಲಿ ದೊರೆ ಒಂದನೆಯ ಎಡ್ವರ್ಡ್ ಒಂದು ಶಾಸನ ತಂದ. ಬೆಳ್ಳಿಯ ಸಾಮಾನು ಸ್ಟರ್ಲಿಂಗ್ ನಾಣ್ಯದಷ್ಟು ಶುದ್ಧವಾಗಿರಬೇಕು, ಅಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿಯೇ ಇರಬೇಕು. ಅಕ್ಕಸಾಲಿಗರ ಸಂಘದ ಹಿರಿಯರು ಪರೀಕ್ಷಿಸಿ ಚಿರತೆಯ ತಲೆಯ ಮುದ್ರೆ ಒತ್ತಿದ ಮೇಲಷ್ಟೇ ಅದು ಕುಶಲಕರ್ಮಿಯ ಕೈಬಿಟ್ಟು ಹೋಗಬೇಕು. ಮಾರುವವನ ಕಲ್ಲೂ ಬೇಡ, ಕೊಳ್ಳುವವನ ಕಲ್ಲೂ ಬೇಡ, ನಡುವೆ ಮೂರನೆಯವನೊಬ್ಬ ನಿಲ್ಲಲಿ ಎಂಬ ಯೋಚನೆ ಅದು.

1363ರಲ್ಲಿ ಎರಡನೆಯ ಮುದ್ರೆ ಸೇರಿತು. ಪ್ರತಿಯೊಬ್ಬ ಕುಶಲಕರ್ಮಿ ತನ್ನದೇ ಗುರುತನ್ನು ಒತ್ತಬೇಕು ಎಂದು ನಿಯಮವಾಯಿತು. ಆದರೂ ಒಂದು ಬಿರುಕು ಉಳಿದಿತ್ತು. ಚಿರತೆಯ ತಲೆ ಇದೆ, ಮಾಡಿದವನ ಗುರುತೂ ಇದೆ, ಬೆಳ್ಳಿ ಮಾತ್ರ ಕಳಪೆ. ಆಗ ತಪ್ಪು ಯಾರದು? ಪರೀಕ್ಷಕನೇ ಕಣ್ಣು ಮುಚ್ಚಿ ಮುದ್ರೆ ಒತ್ತಿದ್ದರೆ? ಪರೀಕ್ಷಕನ ತಪ್ಪಿಗೆ ಇಡೀ ಸಂಘವೇ ದಂಡ ತೆರಬೇಕು ಎಂದು ಕಾನೂನು ಹೇಳಿದ ಮೇಲೆ ಸಂಘ ಎಚ್ಚೆತ್ತುಕೊಂಡಿತು. 1478ರಿಂದ ಎಲ್ಲ ಸಾಮಾನನ್ನೂ ಸಂಘದ ಸಭಾಂಗಣವಾದ ಗೋಲ್ಡ್‌ಸ್ಮಿತ್ಸ್ ಹಾಲ್‌ಗೇ ತರಬೇಕೆಂದಾಯಿತು, ಸಂಬಳದ ಪರೀಕ್ಷಕ ಬಂದ, ಮೂರನೆಯ ಮುದ್ರೆಯಾಗಿ ವರ್ಷವರ್ಷವೂ ಬದಲಾಗುವ ಒಂದು ಅಕ್ಷರ ಬಂತು. ಹಾಲ್‌ನಲ್ಲಿ ಒತ್ತಿದ ಮಾರ್ಕು ಹಾಲ್‌ಮಾರ್ಕ್. ಇಂದು ನಮ್ಮ ಆಭರಣದ ಅಂಗಡಿಗಳ ಫಲಕಗಳಲ್ಲಿ ಕಾಣುವ ಪದದ ಹುಟ್ಟು ಇದು.

ಆ ವರ್ಷದ ಅಕ್ಷರವನ್ನು ಇಂದಿನ ಸಂಗ್ರಾಹಕರು ವಸ್ತುವಿನ ವಯಸ್ಸು ತಿಳಿಯಲು ಬಳಸುತ್ತಾರೆ. ಅದು ಹುಟ್ಟಿದ್ದು ಅದಕ್ಕಲ್ಲ. ಯಾವ ವರ್ಷ ಯಾವ ಪರೀಕ್ಷಕ ಕುಳಿತಿದ್ದ ಎಂಬುದು ಸಂಘದ ಪುಸ್ತಕದಲ್ಲಿರುತ್ತಿತ್ತು. ಕಳಪೆ ಬೆಳ್ಳಿ ಸಿಕ್ಕರೆ ಅಕ್ಷರ ನೋಡಿ ಆ ವರ್ಷದವನನ್ನು ಹಿಡಿಯಬಹುದಿತ್ತು. ಶುದ್ಧತೆಯ ಸಂಕೇತ ಎಂದು ನಾವು ಭಾವಿಸುವ ಆ ಮುದ್ರೆ ನಿಜದಲ್ಲಿ ಹೊಣೆಗಾರನ ವಿಳಾಸ. ‘ಈ ಬೆಳ್ಳಿ ಒಳ್ಳೆಯದು’ ಎಂದಷ್ಟೇ ಅದು ಹೇಳುವುದಿಲ್ಲ. ‘ಒಳ್ಳೆಯದಲ್ಲವಾದರೆ ಇಂಥವನನ್ನು ಕೇಳು’ ಎಂದೂ ಹೇಳುತ್ತದೆ.

ಮುದ್ರೆಗೆ ಬೆಲೆ ಬಂದ ಮೇಲೆ ಮುದ್ರೆಯೇ ಕಳ್ಳತನಕ್ಕೆ ಗುರಿಯಾಗುವುದು ಸಹಜ. 1720ರಲ್ಲಿ ಇಂಗ್ಲೆಂಡಿನಲ್ಲಿ ಬೆಳ್ಳಿಯ ಸಾಮಾನಿಗೆ ಔನ್ಸಿಗೆ ಆರು ಪೆನ್ನಿಯಂತೆ ಸುಂಕ ಬಂತು. ಸುಂಕ ತಪ್ಪಿಸುವುದಕ್ಕೆ ಕೆಲವು ಕುಶಲಕರ್ಮಿಗಳು ಒಂದು ಉಪಾಯ ಹೂಡಿದರು. ಚಿಕ್ಕದೊಂದು ವಸ್ತುವನ್ನು ಹಾಲ್‌ಗೆ ಕಳಿಸಿ, ಚಿಕ್ಕ ಸುಂಕ ಕಟ್ಟಿ ಮುದ್ರೆ ಹಾಕಿಸಿಕೊಳ್ಳುವುದು; ಆಮೇಲೆ ಮುದ್ರೆಯಿರುವ ಬಿಲ್ಲೆಯನ್ನಷ್ಟೇ ಕತ್ತರಿಸಿ ದೊಡ್ಡ ಹೂಜಿಯ ತಳಕ್ಕೆ ಬೆಸೆಯುವುದು. ಮುದ್ರೆ ಅಸಲಿ. ಬೆಳ್ಳಿಯೂ ಅಸಲಿಯೇ ಇರಬಹುದು. ಆದರೆ ತಲೆ ಒಬ್ಬನದು, ಮುಂಡ ಇನ್ನೊಬ್ಬನದು. 1758ರಲ್ಲಿ ಹಾಲ್‌ಮಾರ್ಕಿನ ನಕಲಿಗೆ ಮರಣದಂಡನೆಯನ್ನೇ ವಿಧಿಸಲಾಯಿತು, 1773ರಲ್ಲಿ ಅದನ್ನು ಗಡೀಪಾರಿಗೆ ಇಳಿಸಲಾಯಿತು. ಶಿಕ್ಷೆಯ ಕಾಠಿಣ್ಯ ನೋಡಿದರೆ ಆ ಪುಟ್ಟ ಗುರುತಿನ ಮೇಲೆ ಎಷ್ಟು ದೊಡ್ಡ ವ್ಯವಹಾರ ನಿಂತಿತ್ತು ಎಂದು ಊಹಿಸಬಹುದು. ಅಸಲಿ ಮುದ್ರೆಯನ್ನು ಬೇರೆ ಮೈಗೆ ಅಂಟಿಸುವ ಈ ಉಪಾಯ ಮುಂದೆ ಬೇರೆ ವೇಷದಲ್ಲಿ ಮತ್ತೆ ಬರಲಿದೆ.

*

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು, ಹಡಗು ಬಂದವು. ಸಾಮಾನು ತಾನು ಹುಟ್ಟಿದ ಊರಿನಿಂದ ದೂರ ಹೋಗಿ ಮಾರಾಟವಾಗತೊಡಗಿತು. ಲೂಯಿ ವ್ಯುಟಾನ್ 1854ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಯಾಣದ ಪೆಟ್ಟಿಗೆಗಳ ಅಂಗಡಿ ತೆರೆದ. ಅವನ ಪೆಟ್ಟಿಗೆಗಳು ಹೆಸರಾದಂತೆ ಅವುಗಳ ನಕಲೂ ಬಂತು. ಅವನು ಹೊದಿಕೆಯನ್ನು ಬದಲಿಸಿದ. ಅದನ್ನೂ ನಕಲು ಮಾಡಿದರು. 1888ರಲ್ಲಿ ಚದುರಂಗದ ಹಾಸಿನಂಥ ಚೌಕಳಿ ವಿನ್ಯಾಸ ಬಂತು. ಇದು ನೋಂದಾಯಿತ ಗುರುತು ಎಂಬ ಅರ್ಥದ ಫ್ರೆಂಚ್ ಮಾತನ್ನು ಚೌಕಗಳ ನಡುವೆ ಅಲ್ಲಲ್ಲಿ ಬರೆಸಿದ್ದರು. ಅದನ್ನೂ ನಕಲು ಮಾಡಿದರು. ಲೂಯಿ 1892ರಲ್ಲಿ ತೀರಿಕೊಂಡ. 1896ರಲ್ಲಿ ಮಗ ಜಾರ್ಜ್, ತಂದೆಯ ಹೆಸರಿನ ಎರಡು ಮೊದಲಕ್ಷರಗಳನ್ನು ಹೆಣೆದು, ಸುತ್ತ ಹೂಗಳನ್ನಿಟ್ಟು, ಇಡೀ ಹೊದಿಕೆಯ ಮೇಲೆ ಮತ್ತೆಮತ್ತೆ ಬರುವಂತೆ ಮಾಡಿದ. ಇಂದು ಲೋಕವೆಲ್ಲ ಗುರುತಿಸುವ ಆ ವಿನ್ಯಾಸದ ಹುಟ್ಟಿಗೆ ಒಂದು ಮುಖ್ಯ ಕಾರಣ ನಕಲಿಯನ್ನು ತಡೆಯುವುದೇ ಆಗಿತ್ತು. ಅದೇ ವಿನ್ಯಾಸ ಮುಂದೆ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವ ವಿನ್ಯಾಸಗಳ ಸಾಲಿಗೆ ಸೇರಿತು.

ಇಲ್ಲಿ ಎರಡು ಬದಲಾವಣೆಗಳಾದವು. ಲಂಡನ್ನಿನಲ್ಲಿ ಮುದ್ರೆ ವಸ್ತುವಿನ ತಳದಲ್ಲಿತ್ತು, ಹುಡುಕಿ ನೋಡಬೇಕಿತ್ತು. ಪ್ಯಾರಿಸ್ಸಿನಲ್ಲಿ ಅದು ಮೈತುಂಬ ಹರಡಿತು. ಕೊಳ್ಳುವವನು ಮುದ್ರೆಗಾಗಿಯೇ ಹಣ ಕೊಡುವಂತಾಯಿತು. ಮುದ್ರೆಯೇ ಸರಕಾದರೆ ನಕಲುಗಾರನ ಕೆಲಸ ಹಗುರ. ಪೆಟ್ಟಿಗೆಯ ಕುಶಲತೆಯನ್ನು ಕಲಿಯಬೇಕಿಲ್ಲ, ಹೊದಿಕೆಯನ್ನು ಅಚ್ಚು ಹಾಕಿದರೆ ಸಾಕು. ಎರಡನೆಯ ಬದಲಾವಣೆ ಇನ್ನೂ ದೊಡ್ಡದು. ನಡುವೆ ನಿಂತಿದ್ದ ಮೂರನೆಯವನು ಕಾಣೆಯಾದ. ಈಗ ಮುದ್ರೆ ಒತ್ತುವವನೂ ಮಾಡುವವನೂ ಒಬ್ಬನೇ.

ಅಮೆರಿಕದಲ್ಲಂತೂ ಆ ಮೂರನೆಯವನು ಮೊದಲಿಂದಲೂ ಇರಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವಂತೆ ಕಡ್ಡಾಯವಾಗಿ ಬೆಳ್ಳಿ ಪರೀಕ್ಷಿಸುವ ಹಾಲ್ ಅಲ್ಲಿ ಬೆಳೆಯಲಿಲ್ಲ. ನ್ಯೂಯಾರ್ಕಿನಲ್ಲಿ 1837ರಲ್ಲಿ ಶುರುವಾದ ಟಿಫಾನಿ ಕಂಪನಿ 1851ರಲ್ಲಿ ಇಂಗ್ಲೆಂಡಿನ 925ರ ಅಳತೆಯನ್ನು ತಾನಾಗಿಯೇ ಒಪ್ಪಿಕೊಂಡಿತು. ಅಳತೆ ಲಂಡನ್ನಿನದು, ಸಾಕ್ಷಿ ಮಾತ್ರ ಕಂಪನಿಯ ಹೆಸರೇ. ಅಂಗಡಿಗೆ ಹೋಗಿ ಕೊಳ್ಳುವವರೆಗೆ ಅದು ಸಾಕಾಗಿತ್ತು.

*

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1967–68ರಲ್ಲಿ ದೆಹಲಿಯಲ್ಲಿ ಕೆಲಕಾಲ ಇದ್ದರು. 1970ರಲ್ಲಿ ಅವರು ಪ್ರಕಟಿಸಿದ, ಮುಂದೆ 2001ರ ನೊಬೆಲ್ ಪ್ರಶಸ್ತಿಗೆ ಕಾರಣವಾದ ಪ್ರಬಂಧ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತದ್ದು. ಮಾರುವವನಿಗೆ ಸರಕಿನ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲವನ್ನೂ ಅನುಮಾನಿಸಿ ಕಡಿಮೆ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕು ಕಟ್ಟದೆ ಅದರ ಒಡೆಯರು ಮಾರುಕಟ್ಟೆಯಿಂದ ಹೊರಗೆ ಹೋಗುತ್ತಾರೆ. ಕೊನೆಗೆ ಕೆಟ್ಟದ್ದೇ ಉಳಿಯುತ್ತದೆ. ಇದಕ್ಕೆ ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು ಭಾರತದ್ದು. ಇಲ್ಲಿನ ಗೃಹಿಣಿಯರು ಸಂತೆಯ ಅಕ್ಕಿಯನ್ನು ಆರಿಸಿಯೇ ಬಳಸಬೇಕು, ಏಕೆಂದರೆ ಅಕ್ಕಿಯದೇ ಬಣ್ಣ, ಆಕಾರದ ಕಲ್ಲುಗಳನ್ನು ಬೇಕೆಂದೇ ಬೆರೆಸಿರುತ್ತಾರೆ ಎಂದು ಅವರು ಬರೆದರು.

ಮೊರ ಹಿಡಿದು ಅಕ್ಕಿ ಆರಿಸುವ ಹೆಂಗಸಿನ ಆ ಶ್ರಮಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಮೋಸ ಮಾಡಿದವನು ಕಲ್ಲಿನ ತೂಕಕ್ಕೂ ಹಣ ಪಡೆದಿರುತ್ತಾನೆ. ನಿಜವನ್ನು ಕಂಡುಹಿಡಿಯುವ ಖರ್ಚು ಮೋಸಹೋದವಳ ತಲೆಗೇ ಬರುತ್ತದೆ. ಅಂತರ್ಜಾಲದ ಅಂಗಡಿ ಬಂದಾಗ ಜಗಳ ನಡೆದದ್ದೂ ಇದೇ ವಿಷಯಕ್ಕೆ: ಮೊರ ಹಿಡಿಯಬೇಕಾದವರು ಯಾರು?

*

1995ರಲ್ಲಿ ಪಿಯರ್ ಒಮಿಡ್ಯಾರ್ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿದ ಹರಾಜಿನ ಜಾಲತಾಣ ಮುಂದೆ ಈಬೇ ಎಂದಾಯಿತು. ಕಂಪನಿ ತಾನು ಏನನ್ನೂ ಮಾರುವುದಿಲ್ಲ; ಅಪರಿಚಿತರು ಅಪರಿಚಿತರಿಗೆ ಮಾರುತ್ತಾರೆ. ನಂಬಿಕೆ ಹುಟ್ಟಿಸುವುದಕ್ಕೆ ಒಮಿಡ್ಯಾರ್ 1996ರಲ್ಲಿ ಒಂದು ಏರ್ಪಾಡು ಮಾಡಿದರು. ವ್ಯವಹಾರ ಮುಗಿದ ಮೇಲೆ ಕೊಂಡವರೂ ಮಾರಿದವರೂ ಒಬ್ಬರ ಬಗ್ಗೆ ಒಬ್ಬರು ಅಭಿಪ್ರಾಯ ಬರೆಯುವುದು. ಕಲ್ಲಿನ ಬದಲು, ಹಾಲ್‌ನ ಬದಲು, ಹಿಂದೆ ಕೊಂಡವರ ಮಾತೇ ಸಾಕ್ಷಿ. ಹಳೆಯ ಪುಸ್ತಕಕ್ಕೆ, ಆಟದ ಸಾಮಾನಿಗೆ ಇದು ನಡೆಯಿತು. ಆದರೆ ಬೆಳ್ಳಿಯ ಸರ ನಕಲಿ ಎಂದು ಕೊಂಡವರಿಗೇ ಗೊತ್ತಾಗದಿದ್ದರೆ ಅವರು ಬರೆಯುವ ಒಳ್ಳೆಯ ಮಾತಿಗೆ ಬೆಲೆ ಎಷ್ಟು?

ಟಿಫಾನಿ ಕಂಪನಿ ತನ್ನ ಒಡವೆಗಳನ್ನು ಬೇರೆ ಅಂಗಡಿಗಳಿಗೆ ಕೊಡುವುದು ಕಡಿಮೆ. ಆದರೂ ಈಬೇಯಲ್ಲಿ ಅದರ ಹೆಸರಿನ ಬೆಳ್ಳಿ ಒಡವೆಗಳು ಸಾವಿರಗಟ್ಟಲೆ ಕಾಣತೊಡಗಿದವು. 2004ರಲ್ಲಿ ಕಂಪನಿ ತಾನೇ ಗಿರಾಕಿಯಾಗಿ ಈಬೇಯಿಂದ ತನ್ನ ಹೆಸರಿನ ಒಡವೆಗಳನ್ನು ಕೊಂಡು ಪರೀಕ್ಷಿಸಿತು. ಆ ವರ್ಷ ಕೊಂಡವುಗಳಲ್ಲಿ ಶೇ. 73.1, ಮರುವರ್ಷ ಶೇ. 75.5 ನಕಲಿ ಎಂದು ಅದರ ಲೆಕ್ಕ. ಮಾದರಿಯನ್ನು ಆರಿಸಿದ ರೀತಿ ಸರಿಯಿಲ್ಲ ಎಂದು ನ್ಯಾಯಾಲಯ ಮುಂದೆ ಹೇಳಿತಾದರೂ, ಗಣನೀಯ ಭಾಗ ನಕಲಿ ಎಂಬುದನ್ನು ಒಪ್ಪಿತು. 2004ರಲ್ಲೇ ಟಿಫಾನಿ ಈಬೇ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು.

ವಾದ ಹೀಗಿತ್ತು. ನಿನ್ನ ಸಂತೆಯಲ್ಲಿ ಕಳ್ಳಮಾಲು ಮಾರಾಟವಾಗುತ್ತಿದೆ ಎಂದು ನಿನಗೆ ಗೊತ್ತು, ಪ್ರತಿ ಮಾರಾಟದಲ್ಲೂ ನಿನಗೆ ಪಾಲು ಬರುತ್ತದೆ. ಆದ್ದರಿಂದ ತಡೆಯುವ ಹೊಣೆ ನಿನ್ನದು ಎಂದಿತು ಟಿಫಾನಿ. ಒಬ್ಬನೇ ಐದು ಅಥವಾ ಹೆಚ್ಚು ಟಿಫಾನಿ ಒಡವೆಗಳನ್ನು ಮಾರಾಟಕ್ಕಿಟ್ಟರೆ ಅವನನ್ನು ಹೊರಗೆ ಹಾಕು ಎಂದೂ ಕೇಳಿತ್ತು. ಈಬೇ ಹೇಳಿದ್ದು: ದಿನಕ್ಕೆ 60 ಲಕ್ಷಕ್ಕೂ ಹೆಚ್ಚು ಹೊಸ ಸರಕುಗಳು ನನ್ನಲ್ಲಿ ಕಾಣಿಸಿಕೊಳ್ಳುತ್ತವೆ, ಒಂದನ್ನೂ ನಾನು ಕಣ್ಣಿಂದ ನೋಡುವುದಿಲ್ಲ, ಕೈಯಿಂದ ಮುಟ್ಟುವುದಿಲ್ಲ, ಚಿತ್ರ ನೋಡಿ ಅಸಲಿ ನಕಲಿ ಹೇಳುವ ಪರಿಣತಿ ನನಗಿಲ್ಲ, ಅದಿರುವುದು ನಿನಗೆ, ನೀನು ತೋರಿಸಿಕೊಡು, ತೆಗೆದುಹಾಕುತ್ತೇನೆ. ಟಿಫಾನಿ ತೋರಿಸಿಯೂ ಇತ್ತು. 2003ರಿಂದ 2007ರವರೆಗೆ ಅದು ಈಬೇಗೆ ಸಲ್ಲಿಸಿದ ದೂರುಗಳು 2,84,149. ಇತ್ತ ಈಬೇ ಕೂಡ ವಂಚನೆ ತಡೆಯುವ ವ್ಯವಸ್ಥೆಗಳಿಗೆ ವರ್ಷಕ್ಕೆ ಎರಡು ಕೋಟಿ ಡಾಲರ್‌ವರೆಗೆ ಖರ್ಚು ಮಾಡುತ್ತಿತ್ತು.

ನ್ಯೂಯಾರ್ಕಿನ ತೀರ್ಪಿಗೆ ಮೊದಲೇ ಪ್ಯಾರಿಸ್ಸಿನಿಂದ ಒಂದು ತೀರ್ಪು ಬಂತು. ಪೆಟ್ಟಿಗೆಯ ವ್ಯುಟಾನ್ ಕಂಪನಿ ಅಷ್ಟು ಹೊತ್ತಿಗೆ ಎಲ್‌ವಿಎಂಎಚ್ ಎಂಬ ದೊಡ್ಡ ಸಮೂಹದ ಭಾಗವಾಗಿತ್ತು. ಆ ಸಮೂಹ ಹೂಡಿದ ದಾವೆಯಲ್ಲಿ ಅಲ್ಲಿನ ವಾಣಿಜ್ಯ ನ್ಯಾಯಾಲಯ 2008ರ ಜೂನ್ 30ರಂದು ಈಬೇ ಸುಮಾರು ನಾಲ್ಕು ಕೋಟಿ ಯೂರೋ ಕೊಡಬೇಕೆಂದು ಹೇಳಿತು. ಸಂತೆ ನಡೆಸುವವನು ಸಂತೆಯ ಮೋಸಕ್ಕೆ ಹೊಣೆ ಎಂಬುದು ಅದರ ನಿಲುವು. (ಮೇಲ್ಮನವಿಯಲ್ಲಿ ಮೊತ್ತ ಬಹಳ ಇಳಿಯಿತು.) ಸರಿಯಾಗಿ ಎರಡು ವಾರ ಕಳೆದು, ಜುಲೈ 14ರಂದು ನ್ಯೂಯಾರ್ಕಿನ ನ್ಯಾಯಾಧೀಶ ರಿಚರ್ಡ್ ಸಲಿವನ್ ತದ್ವಿರುದ್ಧ ತೀರ್ಪು ಕೊಟ್ಟರು. ನಕಲಿ ಇದೆ ಎಂಬ ಸಾಮಾನ್ಯ ತಿಳಿವಳಿಕೆ ಈಬೇಯನ್ನು ಹೊಣೆಗಾರನನ್ನಾಗಿ ಮಾಡುವುದಿಲ್ಲ; ಇಂಥ ಸರಕು ನಕಲಿ ಎಂದು ನಿರ್ದಿಷ್ಟವಾಗಿ ತಿಳಿದೂ ಬಿಟ್ಟಿದ್ದರೆ ಮಾತ್ರ ತಪ್ಪು; ತನ್ನ ಗುರುತನ್ನು ಕಾಯುವ ಭಾರ ಗುರುತಿನ ಒಡೆಯನದೇ. 2010ರ ಏಪ್ರಿಲ್ 1ರಂದು ಮೇಲ್ಮನವಿ ನ್ಯಾಯಾಲಯ ಇದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಬೇಕೆಂದೇ ಕಣ್ಣು ಮುಚ್ಚಿಕೊಂಡವನಿಗೆ ರಕ್ಷಣೆಯಿಲ್ಲ ಎಂಬ ಎಚ್ಚರಿಕೆಯನ್ನೂ ಅದು ಸೇರಿಸಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಪ್ಯಾರಿಸ್ಸಿನಲ್ಲಿ ಗೆದ್ದ ಎಲ್‌ವಿಎಂಎಚ್, ನ್ಯೂಯಾರ್ಕಿನಲ್ಲಿ ಸೋತ ಟಿಫಾನಿಯನ್ನು 2021ರಲ್ಲಿ ಕೊಂಡುಕೊಂಡಿತು ಎಂಬುದು ಈ ಕಥೆಯ ಒಂದು ಅಡಿಟಿಪ್ಪಣಿ.

ಎರಡೂ ನ್ಯಾಯಾಲಯಗಳಲ್ಲಿ ಇಬ್ಬರು ಬಲಾಢ್ಯರು ಜಗಳವಾಡುತ್ತಿದ್ದರು. ಟಿಫಾನಿ ಕಾಯುತ್ತಿದ್ದದ್ದು ತನ್ನ ಹೆಸರನ್ನು, ಈಬೇ ಕಾಯುತ್ತಿದ್ದದ್ದು ತನ್ನ ಸಂತೆಯನ್ನು. ಬೆಳ್ಳಿ ಒಡವೆ ಆ ಕಂಪನಿಯ ಸರಕಿನಲ್ಲಿ ಕಡಿಮೆ ಬೆಲೆಯದು. ವಜ್ರ ಕೊಳ್ಳಲಾಗದವರು ಉಡುಗೊರೆಗೆಂದು, ಒಂದು ದಿನದ ಸಂತೋಷಕ್ಕೆಂದು ಕೊಳ್ಳುವಂಥದ್ದು. ಅಂಥ ಸರ ಕೊಂಡು ಮೋಸಹೋದವರು ಆ ದಾವೆಯಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಲಂಡನ್ನಿನ 1478ರ ವ್ಯವಸ್ಥೆಯಲ್ಲಿ ಕಳಪೆ ಬೆಳ್ಳಿ ಕೊಂಡವನಿಗೆ ತೋರುಬೆರಳು ಚಾಚಲು ಒಂದು ಅಕ್ಷರವಾದರೂ ಇತ್ತು.

*

ತೀರ್ಪು ಏನೇ ಇರಲಿ, ನಂಬಿಕೆ ಇಲ್ಲದೆ ದುಬಾರಿ ಸರಕು ಮಾರಲಾಗುವುದಿಲ್ಲ ಎಂದು ಜಾಲತಾಣಗಳಿಗೇ ಅರ್ಥವಾಯಿತು. ಮುಟ್ಟುವುದಿಲ್ಲ ಎಂದು ವಾದಿಸಿದ್ದ ಈಬೇಯೇ 2020ರಲ್ಲಿ ಕೈಗಡಿಯಾರ ಮತ್ತು ಬೂಟುಗಳಿಗೆ ಪರೀಕ್ಷಾ ವ್ಯವಸ್ಥೆ ತಂದಿತು. ಮಾರುವವನು ವಸ್ತುವನ್ನು ನೇರ ಗಿರಾಕಿಗೆ ಕಳಿಸದೆ ಪರಿಣತರ ಬಳಿ ಕಳಿಸಬೇಕು. ಅವರು ನೋಡಿ, ಮುಟ್ಟಿ, ಒಪ್ಪಿದ ಮೇಲೆ ಗಿರಾಕಿಗೆ ಹೋಗುತ್ತದೆ. ಐದು ಶತಮಾನಗಳ ಹಿಂದಿನ ಗೋಲ್ಡ್‌ಸ್ಮಿತ್ಸ್ ಹಾಲ್ ಗೋದಾಮಿನ ರೂಪದಲ್ಲಿ ಮರಳಿ ಬಂತು. ಒಂದೇ ವ್ಯತ್ಯಾಸವೆಂದರೆ ಈಗಿನ ಹಾಲ್‌ಗೆ ಸಂಬಳ ಕೊಡುವವನು ಮಾರಾಟದಲ್ಲಿ ಪಾಲು ಪಡೆಯುವವನೇ. ಕಲ್ಲು ಯಾರದು ಎಂಬ ಪ್ರಶ್ನೆ ಉಳಿದೇ ಇದೆ.

ಮುದ್ರೆಯ ಬಿಲ್ಲೆ ಕತ್ತರಿಸಿ ಬೆಸೆಯುವ ಹಳೆಯ ಉಪಾಯವೂ ಬಂತು. ಶನೆಲ್ ಕಂಪನಿ ಎಂಬತ್ತರ ದಶಕದಿಂದ ತನ್ನ ಕೈಚೀಲಗಳೊಳಗೆ ಸಂಖ್ಯೆಯಿರುವ ಚೀಟಿ ಅಂಟಿಸಿ, ಅದೇ ಸಂಖ್ಯೆಯ ಕಾರ್ಡನ್ನೂ ಕೊಡುತ್ತಿತ್ತು. ನ್ಯೂಯಾರ್ಕಿನ ಒಂದು ಮರುಮಾರಾಟ ಕಂಪನಿಯ ಮೇಲೆ ಅದು ಹೂಡಿದ ದಾವೆಯಲ್ಲಿ ಈ ಸಂಖ್ಯೆಗಳೇ ಚರ್ಚೆಗೆ ಬಂದವು. ಕಾರ್ಖಾನೆಯಿಂದ ಕದ್ದುಹೋದ ಸಂಖ್ಯೆಗಳನ್ನು ತಾನು ತನ್ನ ದಫ್ತರದಲ್ಲಿ ರದ್ದು ಮಾಡಿದ್ದೆ, ಅಂಥ ಸಂಖ್ಯೆಯ ಚೀಲಗಳು ಅಸಲಿ ಎಂಬ ಹೆಸರಿನಲ್ಲಿ ಮಾರಾಟವಾಗಿವೆ ಎಂದು ಶನೆಲ್ ವಾದಿಸಿತು. 2024ರ ಫೆಬ್ರವರಿಯಲ್ಲಿ ಜ್ಯೂರಿ ಅದರ ಪರ ನಿಂತು ನಲವತ್ತು ಲಕ್ಷ ಡಾಲರ್ ಪರಿಹಾರ ಹೇಳಿತು. ಚರ್ಮ, ಹೊಲಿಗೆ ಹೇಗಿವೆ ಎನ್ನುವಷ್ಟೇ ದಫ್ತರದಲ್ಲಿ ಆ ಸಂಖ್ಯೆಯ ಮುಂದೆ ಏನು ಬರೆದಿದೆ ಎನ್ನುವುದೂ ಇಲ್ಲಿ ಮುಖ್ಯವಾಯಿತು. ಶನೆಲ್ 2021ರಿಂದ ಚೀಟಿ ಬಿಟ್ಟು ಚೀಲದೊಳಗೆ ಚಿಪ್ ಇಡುತ್ತಿದೆ. ಅದೇ ವರ್ಷ ಎಲ್‌ವಿಎಂಎಚ್, ಪ್ರಾಡಾ ಮತ್ತು ಕಾರ್ಟಿಯೇ ಸೇರಿ ಬ್ಲಾಕ್‌ಚೈನ್ ತಂತ್ರದ ‘ಔರಾ’ ಎಂಬ ಜಂಟಿ ದಫ್ತರವನ್ನು ಕಟ್ಟಿದವು. ಒಮ್ಮೆ ಬರೆದದ್ದನ್ನು ಯಾರೂ ತಿದ್ದಲಾಗದು ಎಂಬುದು ಅದರ ಹೆಗ್ಗಳಿಕೆ. ಆದರೆ ದಫ್ತರಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಈ ಸಂಖ್ಯೆ ಈ ಚೀಲದ್ದೇ ಎಂದು ಮೊದಲು ಬರೆಯುವವನು ಮನುಷ್ಯ. ಈ ಚೀಲ ಆ ಸಂಖ್ಯೆಯದ್ದೇ ಎಂದು ಕೊನೆಗೆ ನೋಡಬೇಕಾದವನೂ ಮನುಷ್ಯ.

ನಮ್ಮಲ್ಲೂ ಈ ಪ್ರಶ್ನೆ ನ್ಯಾಯಾಲಯಕ್ಕೆ ಹೋಗಿದೆ. ಕ್ರಿಶ್ಚಿಯನ್ ಲೂಬುಟಾನ್ ಎಂಬ ಫ್ರೆಂಚ್ ಪಾದರಕ್ಷೆಯ ಕಂಪನಿ ಒಂದು ಜಾಲತಾಣದ ಮೇಲೆ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಸಿಂಗ್ 2018ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟರು. ಸರಕು ಅಸಲಿ ಎಂದು ತಾನೇ ಭರವಸೆ ಕೊಡುವ, ಮಾರಾಟದ ಹಲವು ಹಂತಗಳಲ್ಲಿ ಕೈಯಾಡಿಸುವ ಜಾಲತಾಣ ‘ನಾನು ಬರೀ ಮಧ್ಯವರ್ತಿ’ ಎಂದು ಜಾರಿಕೊಳ್ಳುವಂತಿಲ್ಲ ಎಂದರು. ಮಾರುವವರ ಪೂರ್ಣ ವಿವರ ಪ್ರಕಟಿಸಬೇಕು, ಸರಕು ಅಸಲಿ ಎಂದು ಅವರಿಂದ ಪ್ರಮಾಣಪತ್ರ ಪಡೆಯಬೇಕು ಎಂದರು. 2020ರಲ್ಲಿ ಅದೇ ನ್ಯಾಯಾಲಯದ ವಿಭಾಗೀಯ ಪೀಠ ಇನ್ನೊಂದು ಪ್ರಕರಣದಲ್ಲಿ, ಕೈಯಾಡಿಸುವ ಮಧ್ಯವರ್ತಿ ಮತ್ತು ಸುಮ್ಮನಿರುವ ಮಧ್ಯವರ್ತಿ ಎಂಬ ಭೇದ ಕಾಯ್ದೆಯಲ್ಲಿಲ್ಲ ಎಂದಿತು. ಅದೇ ವರ್ಷ ಬಂದ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳು, ಮಾರುವವರ ಹೆಸರು ವಿಳಾಸಗಳನ್ನು ಗಿರಾಕಿಗೆ ಕಾಣಿಸಬೇಕೆಂದು ಹೇಳಿದವು. ಹೊಣೆಗಾರನ ವಿಳಾಸ ಎಂಬ ಹದಿನೈದನೆಯ ಶತಮಾನದ ಆಲೋಚನೆಗೇ ಇವೆಲ್ಲ ಸುತ್ತುಬಳಸಿ ಮರಳುತ್ತವೆ.

*

ಚಿನ್ನದ ವಿಷಯದಲ್ಲಿ ಆ ಆಲೋಚನೆ ನಮ್ಮ ಅಂಗೈಯಲ್ಲೇ ಇದೆ. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಹಾಲ್‌ಮಾರ್ಕ್ ಯೋಜನೆ ಶುರುಮಾಡಿತು, 2021ರ ಜೂನ್‌ನಿಂದ ಅದು ಹಂತಹಂತವಾಗಿ ಕಡ್ಡಾಯವಾಯಿತು. ಈಗ ಒಡವೆಯ ಮೇಲೆ ಬ್ಯೂರೋ ಚಿಹ್ನೆ, ಶುದ್ಧತೆಯ ಅಂಕೆ, ಜೊತೆಗೆ ಆರು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಒಂದೊಂದು ಒಡವೆಗೂ ಬೇರೆಬೇರೆ. ಬ್ಯೂರೋದ ಆ್ಯಪ್‌ನಲ್ಲಿ ಅದನ್ನು ನಮೂದಿಸಿದರೆ ಆಭರಣದ ಅಂಗಡಿಯ ನೋಂದಣಿ, ಪರೀಕ್ಷಿಸಿದ ಕೇಂದ್ರ, ದಿನಾಂಕ, ಒಡವೆಯ ಬಗೆ, ಶುದ್ಧತೆ ಕಾಣುತ್ತವೆ. ಯಾರು ಮಾರಿದರು, ಯಾರು ಪರೀಕ್ಷಿಸಿದರು, ಯಾವಾಗ? 1478ರಲ್ಲಿ ಮೂರು ಪುಟ್ಟ ಮುದ್ರೆಗಳು ಕೊಡುತ್ತಿದ್ದ ಉತ್ತರಗಳಿಗೆ ಇವು ಹತ್ತಿರದವೇ. ಬಳೆಯ ಗುರುತನ್ನು ಕದ್ದು ಸರದ ಮೇಲೆ ಒತ್ತಿದ್ದರೆ ಪರದೆಯ ಮೇಲೆ ಬಳೆ ಎಂದೇ ಬರುತ್ತದೆ. ಆದರೆ ಅಷ್ಟನ್ನು ನೋಡುವ ತಾಳ್ಮೆ ಕೊಳ್ಳುವವರಿಗಿರಬೇಕು.

ರೇಷ್ಮೆಯ ಕಥೆಯೂ ಹೀಗೆಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಶುರುವಾದ ಮೈಸೂರಿನ ರೇಷ್ಮೆ ನೇಯ್ಗೆಯ ಕಾರ್ಖಾನೆ ಇಂದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ‘ಮೈಸೂರು ಸಿಲ್ಕ್’ ಎಂಬ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆಯಿದೆ. ಸೀರೆಯ ಅಸಲಿತನ ತೋರಲು ನಿಗಮ ಪ್ರತಿ ಸೀರೆಗೂ ಪ್ರತ್ಯೇಕ ಸಂಖ್ಯೆ ಕೊಡುತ್ತದೆ, ಹೋಲೋಗ್ರಾಮನ್ನೂ ಹಾಕುತ್ತದೆ. ರೇಷ್ಮೆಗೂ ಮನೆಯಲ್ಲೇ ಒಂದು ಒರೆಗಲ್ಲಿದೆ. ಸೆರಗಿನ ಒಂದು ಎಳೆ ಕಿತ್ತು ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಮಣಿಯಂತೆ ಗಂಟಾದರೆ ಪಾಲಿಯೆಸ್ಟರ್. ಆದರೆ ಆ ಎಳೆ ರೇಷ್ಮೆ ಎಂದಷ್ಟೇ ಬೆಂಕಿ ಹೇಳಬಲ್ಲದು. ಅದು ಮೈಸೂರಿನ ಆ ಮಗ್ಗದಲ್ಲಿ ನೇಯ್ದದ್ದೇ ಎಂದು ಹೇಳಲಾರದು. ಅದನ್ನು ಹೇಳುವುದಕ್ಕೆ ನೇಯ್ದವರ ಲೆಕ್ಕದ ಪುಸ್ತಕವೇ ಬೇಕು.

ಮದುವೆಗೆಂದು 2 ವರ್ಷ ಹಣ ಕೂಡಿಟ್ಟು ಪರದೆಯ ಮೇಲೆ ಸೀರೆ ಆರಿಸುವವರಿಗೆ ನೋಡಿದ ಚಿತ್ರ ಒಂದು, ಮನೆಗೆ ಬಂದ ಸೀರೆ ಇನ್ನೊಂದು ಆಗಬಹುದು. ‘ನೂರಕ್ಕೆ ನೂರು ಅಸಲಿ’ ಎಂಬ ಮಾತು ಅಂಥ ಹೊತ್ತಿಗೆ ಒದಗುವುದಿಲ್ಲ. ಒದಗುವುದು ಮಾರಿದವರ ಹೆಸರು, ಬಿಲ್ಲು, ಸಂಖ್ಯೆ, ಆ ಸಂಖ್ಯೆಗೆ ಉತ್ತರ ಕೊಡಬೇಕಾದ ಕಚೇರಿ. ಹಣ ಕಳಿಸುವ ಮೊದಲು ‘ಇದು ಅಸಲಿಯೇ?’ ಎಂದು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಕೇಳಬೇಕಾದದ್ದು ಬೇರೆ: ಇದು ಸುಳ್ಳಾದರೆ ನಾನು ಯಾರ ಬಾಗಿಲು ತಟ್ಟಬೇಕು?